ಬರೆದಿಟ್ಟದ್ದಕ್ಕೆ ವರ್ಗಾವಣೆ ಇಲ್ಲ

ಹಳ್ಳಿಯ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಯನ್ನು ಗುರುತಿಸುವುದು ಕಷ್ಟವಲ್ಲ. ಕಿಟಕಿಗೆ ದಪ್ಪ ಸರಳು, ಬಾಗಿಲಿಗೆ ಎರಡು ಬೀಗ, ಹೊಸ್ತಿಲ ಹೊರಗೆ 'ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ' ಎಂಬ ಫಲಕ. ಒಳಗೆ ಹತ್ತೋ ಹದಿನೈದೋ ಯಂತ್ರಗಳು ಬಟ್ಟೆ ಹೊದ್ದು ಮಲಗಿರುತ್ತವೆ. ಆಯುಧಪೂಜೆಯ ದಿನ ಬಟ್ಟೆ ಸರಿಸಿ, ಕುಂಕುಮವಿಟ್ಟು, ಹೂವೇರಿಸಿ, ಮತ್ತೆ ಹೊದಿಸಿಬಿಟ್ಟರೆ ಆ ವರ್ಷದ ಕಂಪ್ಯೂಟರ್ ಶಿಕ್ಷಣ ಮುಗಿಯಿತೆಂದು ನಗುವವರುಂಟು. ನಗು ಸರಿಯೇ. ಆದರೆ ಆ ಬೀಗ ಬಿದ್ದದ್ದು ಹೇಗೆ ಎಂದು ವಿಚಾರಿಸಿದರೆ ನಗು ಬರುವುದಿಲ್ಲ.

ಹೆಚ್ಚಿನ ಕಡೆ ಕತೆ ಒಂದೇ. ಒಂದು ಕಾಲಕ್ಕೆ ಆ ಕೋಣೆ ತೆರೆದಿತ್ತು. ಕಂಪ್ಯೂಟರ್ ಬಲ್ಲ ಮಾಸ್ತರರೊಬ್ಬರು ಇದ್ದರು. ಬಿಸಿಯೂಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಏನಾದರೊಂದು ತೋರಿಸುತ್ತಿದ್ದರು. ಅಷ್ಟರಲ್ಲಿ ಕೌನ್ಸೆಲಿಂಗ್ ಆಯಿತು, ವರ್ಗಾವಣೆಯ ಆದೇಶ ಬಂತು. ಹಾರ, ಶಾಲು, ಒಂದು ಗುಂಪು ಫೋಟೋ, ಅವರು ಹೊರಟರು. ಬೀಗದ ಕೈ ಶಾಲೆಯಲ್ಲಿ ಉಳಿಯಿತು, ಬಳಸುವ ಬಗೆ ಮಾತ್ರ ಅವರ ಜೊತೆಗೇ ಬಸ್ಸು ಹತ್ತಿತು. ಉಳಿದವರಿಗೆ ಯಂತ್ರದ ಮೇಲೆ ದ್ವೇಷವೇನಿರಲಿಲ್ಲ. ಕೆಟ್ಟರೆ ಯಾರು ಹೊಣೆ ಎಂಬ ಭಯವಿತ್ತು, ಅಷ್ಟೆ.

ಮುಕ್ತ ತಂತ್ರಾಂಶಗಳು ಬಂದಾಗ ಈ ತೊಂದರೆ ತೀರೀತೆಂದು ಹಲವರು ತಿಳಿದಿದ್ದರು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಯೋಜನೆಯನ್ನು ಸಾರಿದಾಗ ಅವರ ಮಾತು ಬೆಲೆಯ ಬಗ್ಗೆ ಇರಲಿಲ್ಲ, ಸ್ವಾತಂತ್ರ್ಯದ ಬಗ್ಗೆ ಇತ್ತು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ಬಡ ಶಾಲೆಗೆ ಇದಕ್ಕಿಂತ ಇನ್ನೇನು ಬೇಕು? ಕಾಸು ಕೊಡದೆ ಆಕಾಶವೇ ಬರುತ್ತದೆ, ಆವರ್ತ ಕೋಷ್ಟಕ ಬರುತ್ತದೆ, ರೇಖಾಗಣಿತದ ಹಲಗೆ ಬರುತ್ತದೆ. ಆದರೆ ಬಂದದ್ದನ್ನು ತೆರೆಯುವುದು ಹೇಗೆ ಎಂದು ಹೇಳುವ ಹಾಳೆ ಬರಬೇಡವೇ? ಸ್ಟಾಲ್‌ಮನ್ನರೇ ಮುಂದೆ ಈ ಕೊರತೆಯನ್ನು ಬರೆದು ತೋರಿಸಿದರು. ಮುಕ್ತ ತಂತ್ರಾಂಶದ ಲೋಕದ ದೊಡ್ಡ ಕೊರತೆ ತಂತ್ರಾಂಶದಲ್ಲಿಲ್ಲ, ಅದರ ಜೊತೆ ಹಂಚಬಹುದಾದ ಒಳ್ಳೆಯ ಕೈಪಿಡಿಗಳಿಲ್ಲದಿರುವುದರಲ್ಲಿದೆ ಎಂಬುದು ಅವರ ವಾದ. ಕೈಪಿಡಿಗಳಿಗೆಂದೇ ಒಂದು ಮುಕ್ತ ಪರವಾನಗಿಯನ್ನು ಅವರ ಸಂಸ್ಥೆ 2000ದಲ್ಲಿ ಹೊರತಂದಿತು.

ತಂತ್ರಾಂಶ ಬರೆದ ಬುದ್ಧಿವಂತರೇ ಕೈಪಿಡಿಯನ್ನೂ ಏಕೆ ಬರೆಯಬಾರದು ಎಂದು ಕೇಳಬಹುದು. ಬರೆದವರು ಇದ್ದಾರೆ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1971ರಲ್ಲಿಯೇ ಅದರ ಮೊದಲ ಕೈಪಿಡಿಯನ್ನು ಹೊರತಂದರು. ಆದರೆ ಅದು ಬಲ್ಲವರು ಬಲ್ಲವರಿಗೆ ಬರೆದದ್ದು. ಹೊಸಬರಿಗೆ ಬರೆಯುವುದು ಬೇರೆಯೇ ವಿದ್ಯೆ. ಸಾರಿನ ಪುಡಿ ಮಾಡುವುದು ಹೇಗೆಂದು ಮನೆಯ ಹಿರಿಯರನ್ನು ಕೇಳಿ ನೋಡಬೇಕು. 'ಕೊತ್ತಂಬರಿ ಬೀಜ ಒಂದಿಷ್ಟು, ಮೆಣಸಿನಕಾಯಿ ಕಣ್ಣಳತೆ, ಹದವಾಗಿ ಹುರಿ' ಎನ್ನುತ್ತಾರೆ. ಹದವೆಂದರೆ ಎಷ್ಟು? ಅವರಿಗೆ ಅದು ಪ್ರಶ್ನೆಯೇ ಅಲ್ಲ, ಮೂಗಿಗೆ ಗೊತ್ತಿದೆ. ಬಲ್ಲವರು ಬಚ್ಚಿಡುತ್ತಾರೆಂದಲ್ಲ, ತಾವು ಅದನ್ನು ಎಂದೋ ಕಲಿತದ್ದೆಂಬುದೇ ಅವರಿಗೆ ಮರೆತಿರುತ್ತದೆ. ಹಾವೇರಿ ಕಡೆಯ ಒಂದು ಹಳ್ಳಿಯ ವಿಜ್ಞಾನದ ಮಾಸ್ತರರಿಗೆ ಈ ಸತ್ಯ ತಿಳಿದದ್ದು ಧ್ರುವ ನಕ್ಷತ್ರದ ಮೂಲಕ.

ಅವರ ಕೈಗೆ ಸಿಕ್ಕಿದ್ದು 'ಸ್ಟೆಲೇರಿಯಂ' ಎಂಬ ಮುಕ್ತ ತಂತ್ರಾಂಶ. 2000ದಲ್ಲಿ ಫ್ರಾನ್ಸಿನ ಫೇಬಿಯನ್ ಶೆರೋ ಆರಂಭಿಸಿದ ಇದು ಕಂಪ್ಯೂಟರಿನ ತೆರೆಯ ಮೇಲೆ ಆಕಾಶವನ್ನೇ ಇಳಿಸುತ್ತದೆ. 'ಸಿ' ಅಕ್ಷರ ಒತ್ತಿದರೆ ನಕ್ಷತ್ರಪುಂಜಗಳ ಗೆರೆಗಳು ಮೂಡುತ್ತವೆ, 'ವಿ' ಒತ್ತಿದರೆ ಅವುಗಳ ಹೆಸರು. 'ಜಿ' ಒತ್ತಿದರೆ ನೆಲ ಮಾಯವಾಗಿ ಕಾಲ ಕೆಳಗಿನ ಆಕಾಶವೂ ಕಾಣುತ್ತದೆ. ಎಲ್ಲಕ್ಕಿಂತ ಸೊಗಸು 'ಎ' ಅಕ್ಷರದ್ದು. ತೆರೆಯ ಮೇಲೆ ನಡುಹಗಲು ಇರುವಾಗ ಅದನ್ನು ಒತ್ತಿದರೆ ವಾತಾವರಣ ಹೋಗಿಬಿಡುತ್ತದೆ. ಉರಿಯುವ ಸೂರ್ಯನ ಅಕ್ಕಪಕ್ಕದಲ್ಲೇ ನಕ್ಷತ್ರಗಳು ಕಾಣತೊಡಗುತ್ತವೆ. ಹಗಲಿನಲ್ಲಿ ನಕ್ಷತ್ರಗಳು ಎಲ್ಲಿಗೂ ಹೋಗುವುದಿಲ್ಲ, ಗಾಳಿಯಲ್ಲಿ ಚದರಿದ ಬೆಳಕು ಅವನ್ನು ಮರೆಮಾಡುತ್ತದೆ ಎಂದು ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದವರು ಅವರು. ಈಗ ಒಂದು ಅಕ್ಷರ ಒತ್ತಿದ್ದಕ್ಕೆ ಇಡೀ ತರಗತಿ 'ಹೋ' ಎಂದಿತು.

ಅವರು ಒಳ್ಳೆಯ ಮನುಷ್ಯರು, ತಮ್ಮದನ್ನು ತಮ್ಮಲ್ಲೇ ಇಟ್ಟುಕೊಳ್ಳುವವರಲ್ಲ. ಪ್ರಯೋಗದ ದಾಖಲೆ ಪುಸ್ತಕದ ಮಾದರಿಯಲ್ಲೇ ಎರಡು ಪುಟದ ಟಿಪ್ಪಣಿ ತಯಾರಿಸಿದರು: ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ಯಾವ ಅಕ್ಷರ ಒತ್ತಿದರೆ ಏನಾಗುತ್ತದೆ ಎಂಬ ಪಟ್ಟಿ. ಕೊನೆಯಲ್ಲಿ ಒಂದು ಮನೆಗೆಲಸ: 'ತೆರೆಯ ಮೇಲೆ ಧ್ರುವ ನಕ್ಷತ್ರವನ್ನು ಗುರುತಿಸಿ, ರಾತ್ರಿ ಮನೆಯ ಅಂಗಳದಲ್ಲಿ ಅದನ್ನು ಹುಡುಕಿ.' ಜೆರಾಕ್ಸ್ ಮಾಡಿಸಿ ಸುತ್ತಲಿನ ನಾಲ್ಕಾರು ಶಾಲೆಗಳ ಸ್ನೇಹಿತರಿಗೆ ಹಂಚಿದರು. ಎಲ್ಲರೂ ಬೆನ್ನು ತಟ್ಟಿದರು.

ಹದಿನೈದು ದಿನಗಳಾದ ಮೇಲೆ ಅವರು ಯಾವುದೋ ಕೆಲಸಕ್ಕೆಂದು ಅಂಥದೊಂದು ಶಾಲೆಗೆ ಹೋದರು. ಟಿಪ್ಪಣಿ ಬರೆದವರು ಇವರೇ ಎಂದು ಪರಿಚಯಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. 'ಸರ್ರಿ, ಧ್ರುವ ನಕ್ಷತ್ರ ಕಾಣಲಿಲ್ರಿ. ಕಂಪ್ಯೂಟರಿನಾಗ ಅಷ್ಟ್ ಮ್ಯಾಲ ಐತ್ರಿ, ಅಲ್ಲೆ ಹುಡುಕಿದ್ರ ಏನೂ ಇಲ್ರಿ. ನಮ್ಮ ಅಜ್ಜ ಅದು ಕೆಳಗ ಐತಿ, ಗುಡ್ಡದ ಸನೇಕ ಐತಿ ಅಂತ ತೋರಿಸಿದ್ರಿ. ನಾನು ಅಜ್ಜಗ, ನಿನಗ ಗೊತ್ತಿಲ್ಲ ಸುಮ್ನಿರು, ಕಂಪ್ಯೂಟರ್ ಸುಳ್ಳು ಹೇಳ್ತೈತೇನು ಅಂದೆರಿ. ಅಜ್ಜ ಸುಮ್ಮನಾದ್ರಿ.'

ಮಾಸ್ತರರು ಆ ಶಾಲೆಯ ಯಂತ್ರದ ಮುಂದೆ ಕುಳಿತು ನೋಡಿದರು. ಧ್ರುವ ನಕ್ಷತ್ರ ಕ್ಷಿತಿಜದಿಂದ 49 ಡಿಗ್ರಿ ಎತ್ತರದಲ್ಲಿತ್ತು. ಯಾವ ಊರಿನ ಅಕ್ಷಾಂಶ ಎಷ್ಟೋ, ಆ ಊರಿನಲ್ಲಿ ಧ್ರುವ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ ಎಂಬುದು ಅವರೇ ಕಲಿಸುವ ಪಾಠ. ಹಾವೇರಿಯ ಅಕ್ಷಾಂಶ ಸುಮಾರು 15 ಡಿಗ್ರಿ. ಹಾಗಾದರೆ 49 ಯಾವ ಊರು? ಪ್ಯಾರಿಸ್! ಊರು ಯಾವುದೆಂದು ಹೇಳದೆ ಬಿಟ್ಟರೆ ಆ ತಂತ್ರಾಂಶ ತಾನು ಹುಟ್ಟಿದ ದೇಶದ ಆಕಾಶವನ್ನೇ ತೋರಿಸುತ್ತದೆ. ತೆರೆಯ ಅಂಚಿನಲ್ಲಿದ್ದ ಹಸಿರು ಬಯಲೂ ಮರಗಳೂ ಫ್ರಾನ್ಸಿನ ಒಂದು ಹಳ್ಳಿಯವು. 'ಎಫ್ 6' ಕೀಲಿ ಒತ್ತಿ, ಬರುವ ಕಿಟಕಿಯಲ್ಲಿ ಊರನ್ನು ಆರಿಸಿ, ಅದೇ ಕಾಯಂ ಆಗಿರಲಿ ಎಂದು ಗುರುತು ಹಾಕಬೇಕು. ಮಾಸ್ತರರು ತಮ್ಮ ಯಂತ್ರದಲ್ಲಿ ಮೊದಲ ದಿನವೇ ಅದನ್ನು ಮಾಡಿದ್ದರು. ಒಮ್ಮೆ ಮಾಡಿದ್ದನ್ನು ಯಂತ್ರ ನೆನಪಿಟ್ಟುಕೊಂಡಿತು, ಮನುಷ್ಯ ಮರೆತರು. ಟಿಪ್ಪಣಿಯಲ್ಲಿ ಆ ಸಾಲು ಬರಲೇ ಇಲ್ಲ.

ಒಂದು ಸಾಲು ಬಿಟ್ಟುಹೋದದ್ದು ದೊಡ್ಡ ಅಪರಾಧವೇನಲ್ಲ. ಆದರೆ ಆ ಒಂದು ಸಾಲಿನ ಜಾಗದಲ್ಲಿ ಏನಾಗಿತ್ತು ನೋಡಿ. ಅರವತ್ತು ವರ್ಷ ಹೊಲದಲ್ಲಿ ನಿಂತು ಆಕಾಶ ನೋಡಿದ, ಮಳೆ ನಕ್ಷತ್ರಗಳ ಲೆಕ್ಕ ಬಾಯಿಪಾಠವಿದ್ದ ಮುದುಕನೊಬ್ಬ ಮೊಮ್ಮಗಳ ಮುಂದೆ ಸುಳ್ಳುಗಾರನಾಗಿದ್ದ. ಅವನ ಮಾತೇ ಸರಿ ಇತ್ತು. ಅಚ್ಚಾದ ಹಾಳೆ, ಹೊಳೆಯುವ ತೆರೆ, ಇನ್ನೊಂದು ಶಾಲೆಯ ಮಾಸ್ತರರ ಹೆಸರು ಈ ಮೂರೂ ಸೇರಿ ಅವನನ್ನು ಸುಮ್ಮನಾಗಿಸಿದ್ದವು. ಮಾಸ್ತರರು ತರಗತಿಯಲ್ಲಿಯೇ ಹೇಳಿದರು: 'ತಪ್ಪು ನಂದವ್ವಾ. ನಿಮ್ಮ ಅಜ್ಜ ಹೇಳಿದ್ದು ಖರೆ. ಇವತ್ತು ಸಂಜಿಗೆ ಮನಿಗೆ ಹೋಗಿ ಅವರಿಗೆ ಹೇಳು, ಮಾಸ್ತರು ಹಿಂಗಂದ್ರು ಅಂತ.'

ಅಂದಿನಿಂದ ಅವರು ಟಿಪ್ಪಣಿಯನ್ನು ಒಬ್ಬರೇ ಬರೆಯುವುದನ್ನು ಬಿಟ್ಟರು. ತಿದ್ದುವುದಕ್ಕೆ ಮೊದಲು ಸಿಕ್ಕವರು ಬೇರೊಂದು ತಾಲ್ಲೂಕಿನ ಸಮಾಜ ವಿಜ್ಞಾನದ ಶಿಕ್ಷಕರು. ಅಕ್ಷಾಂಶ ರೇಖಾಂಶ ಅವರದೇ ಪಾಠ. 'ಎಫ್ 6' ಸಾಲನ್ನು ಹಾಳೆಯ ನೆತ್ತಿಗೆ ತಂದು ಕೂರಿಸಿದವರು ಅವರು. 'ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ದಿಕ್ಕಿನಲ್ಲಿ ಕ್ಷಿತಿಜದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವವನ್ನು ಹುಡುಕಿ' ಎಂಬ ಸಾಲನ್ನೂ ಸೇರಿಸಿದರು. ಧ್ರುವ ಬಹಳ ಹೊಳೆಯುವ ನಕ್ಷತ್ರವೆಂದು ಮಾಸ್ತರರು ಎಲ್ಲೋ ಬರೆದಿದ್ದರು. ಪ್ರಕಾಶದ ಲೆಕ್ಕದಲ್ಲಿ ಅದು ಮೊದಲ ನಲವತ್ತರಲ್ಲೂ ಬರುವುದಿಲ್ಲ, ಅದರ ಹೆಗ್ಗಳಿಕೆ ಹೊಳಪಲ್ಲ, ಕದಲದೆ ನಿಂತಂತೆ ಕಾಣುವುದು ಎಂದು ಇನ್ನೊಬ್ಬರು ತಿದ್ದಿದರು.

ಕನ್ನಡ ಕಲಿಸುವ ಅಕ್ಕೋರಿಗೆ ಕಂಪ್ಯೂಟರ್ ಮುಟ್ಟಿ ಅಭ್ಯಾಸವಿರಲಿಲ್ಲ. ಅವರಿಗೆ ಓದಲು ಕೊಟ್ಟದ್ದು ಕಾಗುಣಿತ ನೋಡಲಿ ಎಂದು. ಅವರು ನೋಡಿದ್ದು ಬೇರೆ. 'ಇಲ್ಲಿ ಕ್ಲಿಕ್ಕಿಸಿ ಅಂತ ಬರದೀರಿ, ಯಾವ ಗುಂಡಿ, ಎಡದ್ದೋ ಬಲದ್ದೋ? ಎಷ್ಟು ಸಲ?' ಎಂದು ಕೇಳಿದರು. ಬಲ್ಲವರ್ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಶಬ್ದಗಳ ಜಗಳವೂ ನಡೆಯಿತು. ಮೆನು ಎಂಬುದಕ್ಕೆ ಅಚ್ಚ ಕನ್ನಡದ ಮಾತು ಬೇಕೆಂದರು ಒಬ್ಬರು. ಮೌಸಿಗೆ ಇಲಿ ಎಂದೇ ಬರೆಯೋಣ ಎಂದಾಗ ಹುಡುಗರು ನಕ್ಕರು. ಕೊನೆಗೆ ಒಂದು ನಿಯಮವಾಯಿತು: ತೆರೆಯ ಮೇಲೆ ಯಾವ ಮಾತು ಕಾಣುತ್ತದೋ ಅದನ್ನು ಇದ್ದಂತೆಯೇ ಬರೆಯುವುದು, ವಿವರಣೆ ಮಾತ್ರ ಮನೆಯ ಕನ್ನಡದಲ್ಲಿ. ಹಾಳೆಯಲ್ಲಿ ಒಂದು, ತೆರೆಯಲ್ಲಿ ಇನ್ನೊಂದು ಇದ್ದರೆ ಮಗು ಎಲ್ಲಿ ಹುಡುಕಬೇಕು?

ಹಾವೇರಿಯ ನಾಲ್ಕಾರು ಜನ ತಡಕಾಡಿ ಕಂಡುಕೊಂಡ ಈ ದಾರಿಯನ್ನೇ ದೊಡ್ಡ ಪ್ರಮಾಣದಲ್ಲಿ ಹಿಡಿದವರು ಬೇರೆಡೆ ಇದ್ದಾರೆ. ಮುಂಬಯಿಯ ಐಐಟಿಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಮುಂದಾಳುತನದಲ್ಲಿ ಬೆಳೆದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳನ್ನು ಕಲಿಸುವ ಹತ್ತು ನಿಮಿಷದ ಆಸುಪಾಸಿನ ಪಾಠಗಳಿವೆ. ಪ್ರತಿ ಪಾಠವನ್ನೂ ಮೊದಲು ಬರಹದಲ್ಲಿ ಇಳಿಸುತ್ತಾರೆ. ಆ ಬರಹವನ್ನು ಪರಿಣತರು ನೋಡುವುದಿರಲಿ, ಆ ವಿಷಯ ಗೊತ್ತಿಲ್ಲದ ಹೊಸಬರೊಬ್ಬರು ಅದನ್ನು ಹಿಡಿದು ಹಂತ ಹಂತವಾಗಿ ಮಾಡಿ ನೋಡಬೇಕು. ಅವರು ಎಲ್ಲಿ ನಿಂತರೋ ಅಲ್ಲಿ ಬರಹ ಸೋತಿತು ಎಂದೇ ಲೆಕ್ಕ. ಆಮೇಲೆ ಪಾಠಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಹೋಗುತ್ತವೆ. ಬದಲಾಗುವುದು ಧ್ವನಿ ಮಾತ್ರ. ತೆರೆಯ ಮೇಲಿನ ಇಂಗ್ಲಿಷ್ ಇದ್ದ ಹಾಗೆಯೇ ಇರುತ್ತದೆ. ನಾಳೆ ಕೆಲಸಕ್ಕೆ ಹೋದಲ್ಲಿ ಮಗುವಿಗೆ ಸಿಗುವುದು ಅದೇ ತೆರೆ ತಾನೆ?

ಹೀಗೆ ಹಲವರು ಕೂಡಿ ಒಂದೇ ಪುಟ ಬರೆಯುವುದಕ್ಕೆ ಅನುಕೂಲ ಮಾಡಿಕೊಟ್ಟದ್ದು 'ವಿಕಿ'. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಅದನ್ನು ರೂಪಿಸಿದಾಗ ಹವಾಯಿ ಭಾಷೆಯಲ್ಲಿ 'ಬೇಗ' ಎಂಬ ಅರ್ಥದ ಮಾತನ್ನೇ ಹೆಸರಾಗಿ ಇಟ್ಟರು. ಓದುತ್ತಿರುವವರೇ ಅಲ್ಲೇ ತಿದ್ದಬಹುದು. ಹಳೆಯ ಪ್ರತಿಗಳೆಲ್ಲ ಉಳಿದಿರುವುದರಿಂದ ಯಾರಾದರೂ ಕೆಡಿಸಿದರೆ ಹಿಂದಿನದನ್ನು ಮರಳಿ ತರಬಹುದು. 2008ರ ಆಗಸ್ಟಿನಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕೆಲವರು ಸ್ವಯಂಸೇವಕರು ಕಲೆತು, ಬಡ ದೇಶಗಳ ಮಕ್ಕಳಿಗೆಂದು ತಯಾರಾದ ಎಕ್ಸ್‌ಓ ಲ್ಯಾಪ್‌ಟಾಪಿಗೂ ಅದರಲ್ಲಿದ್ದ 'ಶುಗರ್' ಎಂಬ ಕಲಿಕೆಯ ತಂತ್ರಾಂಶಕ್ಕೂ ಒಂದು ವಾರದೊಳಗೆ ಕೈಪಿಡಿಗಳನ್ನು ಬರೆದು ಮುಗಿಸಿದರು. ಒಬ್ಬರು ಬರೆದದ್ದನ್ನು ಪಕ್ಕದಲ್ಲಿ ಕುಳಿತವರು ಕೂಡಲೇ ಮಾಡಿ ನೋಡುವುದು, ಬೇರೆ ಊರಿನಲ್ಲಿದ್ದವರು ಅಲ್ಲಿಂದಲೇ ತಿದ್ದುವುದು. ಅಡಿಗೆ ಮನೆಯಲ್ಲಿ ಹತ್ತು ಜನ ಸೇರಿ ಹೋಳಿಗೆ ಮಾಡಿದ ಹಾಗೆ.

ಕರ್ನಾಟಕದಲ್ಲಿಯೂ ಇದಕ್ಕೊಂದು ಜಾಗವಾಯಿತು. ರಾಜ್ಯದ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ವಿಷಯವಾರು ವೇದಿಕೆಗಳನ್ನು ನಡೆಸಿದವು. ಅದರ ಬೆನ್ನಿಗೇ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ವಿಕಿ ಬೆಳೆಯಿತು. ಜಿಯೋಜೀಬ್ರಾ, ಕಾಲ್ಜಿಯಂ, ಸ್ಟೆಲೇರಿಯಂ, ಟಕ್ಸ್ ಪೇಂಟ್ ಮುಂತಾದವನ್ನು ಅಳವಡಿಸುವುದು ಹೇಗೆ, ಪಾಠದಲ್ಲಿ ಎಲ್ಲಿ ಉಪಯೋಗವಾದೀತು ಎಂಬ ಪುಟಗಳು ಅಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಂದವು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಮಗು ನೋಡುತ್ತದೆ. ಅದನ್ನು ತೋರಿಸಲು ಗಣಿತದ ಶಿಕ್ಷಕರಿಗೆ ಬೇಕಾದದ್ದು ಐದೋ ಆರೋ ಸಾಲು. ಆ ಐದಾರು ಸಾಲು ಕನ್ನಡದಲ್ಲಿ ಇಲ್ಲದ್ದಕ್ಕೆ ಎಷ್ಟು ಕೋಣೆಗಳಿಗೆ ಬೀಗ ಬಿದ್ದಿರಬಹುದು!

ಇದೆಲ್ಲ ಹೂವಿನ ದಾರಿ ಎಂದು ಯಾರೂ ತಿಳಿಯಬಾರದು. ಬರೆಯುವವರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ, ಸೇವಾ ಪುಸ್ತಕದಲ್ಲಿ ಒಂದು ನಮೂದೂ ಇಲ್ಲ. ಪಾಠ, ಪರೀಕ್ಷೆ, ಜನಗಣತಿ, ಚುನಾವಣೆ ಎಲ್ಲ ಮುಗಿದ ಮೇಲೆ ಉಳಿದ ರಾತ್ರಿಯಲ್ಲಿ, ಕರೆಂಟು ಇದ್ದರೆ ಬರೆಯಬೇಕು. ಎಷ್ಟೋ ಶಿಕ್ಷಕರು ನುಡಿಯ ಹಳೆಯ ಅಕ್ಷರಗಳಲ್ಲಿ ವರ್ಷಗಟ್ಟಲೆ ಮಾಡಿಟ್ಟಿದ್ದ ಟಿಪ್ಪಣಿಗಳು ಯುನಿಕೋಡಿಗೆ ತಂದಾಗ ಅರ್ಥವಿಲ್ಲದ ಗುರುತುಗಳಾಗಿ ನಿಂತವು. ಪರಿವರ್ತಿಸಿದರೂ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕಾಯಿತು. ಅಷ್ಟು ಮಾಡಿ ಉಸಿರು ಬಿಡುವಷ್ಟರಲ್ಲಿ ತಂತ್ರಾಂಶದ ಹೊಸ ಆವೃತ್ತಿ ಬರುತ್ತದೆ. ಎಡಕ್ಕಿದ್ದ ಗುಂಡಿ ಬಲಕ್ಕೆ ಹೋಗಿರುತ್ತದೆ. ಕೈಪಿಡಿ ಎಂಬುದು ಕೆರೆಯ ಹೂಳಿನ ಹಾಗೆ, ವರ್ಷ ವರ್ಷ ಎತ್ತದಿದ್ದರೆ ನೀರು ನಿಲ್ಲುವುದಿಲ್ಲ. ಉತ್ಸಾಹದಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಪುಟಗಳೂ ಬೇಕಾದಷ್ಟಿವೆ.

ಇನ್ನೊಂದು ಕಷ್ಟ ಮನಸ್ಸಿನದು. ಮಾಸ್ತರರಾದವರಿಗೆ ತಿದ್ದಿ ಅಭ್ಯಾಸ, ತಿದ್ದಿಸಿಕೊಂಡು ಅಭ್ಯಾಸವಿಲ್ಲ. ತಾವು ಕೂಡಿಸಿದ ವಾಕ್ಯವನ್ನು ಯಾರೋ ಮುಖ ಕಾಣದವರು ಒಡೆದು ಎರಡು ಮಾಡಿದಾಗ, ಇಡೀ ಪರಿಚ್ಛೇದವನ್ನು ಹೊಡೆದುಹಾಕಿದಾಗ ಹೊಟ್ಟೆಯಲ್ಲಿ ಒಂದು ಚೂರು ಉರಿ ಏಳುತ್ತದೆ. ಹಾವೇರಿಯ ಮಾಸ್ತರರಿಗೂ ಎದ್ದಿತ್ತು. ಅವರ ಎರಡು ಪುಟದ ಟಿಪ್ಪಣಿ ಹಲವರ ಕೈ ದಾಟಿ ಹಂಚಿಕೆಯ ಪುಟವಾದಾಗ ಅವರದೇ ಎಂದು ಹೇಳಬಹುದಾದ ಸಾಲುಗಳು ಏಳೋ ಎಂಟೋ ಉಳಿದಿದ್ದವು. ಹೆಸರು ಎಲ್ಲೂ ಇರಲಿಲ್ಲ. 'ನಿಮಗ ಬ್ಯಾಸರ ಆಗಲಿಲ್ಲೇನ್ರಿ?' ಎಂದು ಅಕ್ಕೋರು ಕೇಳಿದರು. 'ನಾ ಬರೆದಂಗ ಇದ್ದಿದ್ರ ಆ ಹುಡುಗಿ ಇನ್ನೂ ಅಜ್ಜನ್ನ ಸುಳ್ಳ ಅಂತಿದ್ದಳಲ್ರಿ' ಎಂದು ಅವರು ಸುಮ್ಮನಾದರು.

ವಿಜ್ಞಾನ ಬೆಳೆದ ದಾರಿಯೂ ಇದೇ ಅಲ್ಲವೇ? ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಬರಹ ನೋಡಿ ಮತ್ತೆ ಮಾಡುವಂತಿರಬೇಕು. ಮಾಡಲಾಗದಿದ್ದರೆ ತಪ್ಪು ಓದಿದವರದಲ್ಲ. ಪ್ರಯೋಗದ ದಾಖಲೆ ಪುಸ್ತಕವನ್ನು ಮಕ್ಕಳು ಹಿಂದಿನ ವರ್ಷದವರಿಂದ ನೋಡಿ ಬರೆದು ಸಹಿ ಮಾಡಿಸಿಕೊಳ್ಳುವ ಕಾಲದಲ್ಲಿ, ಈ ಹಳೆಯ ನೀತಿಯನ್ನು ಸಂಬಳವಿಲ್ಲದೆ ಪಾಲಿಸುತ್ತಿರುವವರು ಈ ಕೈಪಿಡಿ ಬರೆಯುವವರು.

ಹಾವೇರಿ ಕಡೆಯ ಆ ಮಾಸ್ತರರಿಗೂ ಒಂದು ವರ್ಷ ವರ್ಗವಾಯಿತು. ಹಾರ, ಶಾಲು, ಗುಂಪು ಫೋಟೋ ಎಲ್ಲ ಆಯಿತು. ಅವರ ಜಾಗಕ್ಕೆ ಬಂದವರು ಹೊಸ ಹುಡುಗಿ, ಕಂಪ್ಯೂಟರಿನ ಸಹವಾಸ ಅಷ್ಟಕ್ಕಷ್ಟೆ. ಕೋಣೆಯ ಬೀಗ ತೆಗೆದಾಗ ಗೋಡೆಗೆ ಅಂಟಿಸಿದ್ದ ಹಾಳೆ ಕಂಡಿತು. ನೆತ್ತಿಯಲ್ಲಿ ದಪ್ಪ ಅಕ್ಷರದಲ್ಲಿ: 'ಮೊದಲು ಎಫ್ 6 ಒತ್ತಿ, ನಿಮ್ಮ ಊರನ್ನು ಆರಿಸಿ.' ಅವರು ಸಾಲಿನ ಮೇಲೆ ಬೆರಳಿಟ್ಟುಕೊಂಡು, ಒಂದೊಂದೇ ಮಾಡುತ್ತ ಹೋದರು. ನಡುಹಗಲಿನಲ್ಲಿ ನಕ್ಷತ್ರ ಮೂಡಿದಾಗ ಅವರೂ ಮಕ್ಕಳ ಜೊತೆ 'ಹೋ' ಎಂದರಂತೆ.

ಮರುವಾರ ಆ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಹೆಚ್ಚಾಗಿತ್ತು. 'ಧ್ರುವ ಸಿಗದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ.' ಬರೆದದ್ದು ಯಾರೆಂದು ಯಾರೂ ವಿಚಾರಿಸಲಿಲ್ಲ.